ಸೋಡಿಯಂ ಒಳ್ಳೇದೇ, ಆದ್ರೆ ನಿಮ್ಮ ಲೋಡರ್ ಯಾವುದು?

"ಲೇ, ತೇರಿನ ಗಾಲಿ ಕಾಣವಲ್ದಲೇ. ಹಳಿನೂ ಇಲ್ಲ."

ರಾತ್ರಿ ಹನ್ನೊಂದೂವರೆಗೆ ಕೊಟ್ಟೂರಿನ ಗೆಳೆಯ ಫೋನ್ ಮಾಡಿ ಹೇಳಿದ ಮೊದಲ ಮಾತು ಇದು. ಪಕ್ಕದಲ್ಲಿ ಮಲಗಿದ್ದ ನನ್ನ ರೂಮ್‌ಮೇಟ್ ಗಾಬರಿಯಾಗಿ ಎದ್ದು ಕೂತ. ನಿಜವಾದ ತೇರಿನ ಮಾತಲ್ಲ, ಮೈನ್‌ಕ್ರಾಫ್ಟ್‌ನಲ್ಲಿ ನಾವು ಕಟ್ಟಿದ ತೇರಿನ ಮಾತು ಅಂತ ತಿಳಿಸಿದ ಮೇಲೆ ಅವನು ನನ್ನನ್ನೂ ಮೈನ್‌ಕ್ರಾಫ್ಟನ್ನೂ ಸೇರಿಸಿ ಬೈದು ಮಲಗಿದ. ನನಗೆ ಮಾತ್ರ ನಿದ್ದೆ ಬರಲಿಲ್ಲ.

ನಾವು ಐದು ಜನ ಪಿಯುಸಿಯಲ್ಲಿ ಒಂದೇ ಹಾಸ್ಟೆಲ್‌ನಲ್ಲಿದ್ವಿ. ಕೂಡ್ಲಿಗಿ (ಅದು ನಾನು), ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಹೆಸರು ಬಿಟ್ಟು ಊರಿನಿಂದಲೇ ಕರೀತಿದ್ವಿ. ಅವರವರ ತಾಲೂಕಿನದ್ದು ಒಂದೊಂದು ಕಟ್ಟೋಣ ಅಂತ ಒಂದು ವರ್ಲ್ಡ್ ಶುರು ಮಾಡಿದ್ವಿ. ನಾನು ಗುಡೇಕೋಟೆಯ ಬಂಡೆಗಳನ್ನು ಜೋಡಿಸಿದೆ. ಹರಪನಹಳ್ಳಿಯವನು ಉಚ್ಚಂಗಿದುರ್ಗ, ಹಗರಿಬೊಮ್ಮನಹಳ್ಳಿಯವನು ಮಾಲವಿ ಡ್ಯಾಂ, ಹಡಗಲಿಯವನು ಮೈಲಾರದಲ್ಲಿ ಗೊರವಯ್ಯ ಹತ್ತಿ ಕಾರ್ಣಿಕ ನುಡಿಯುವ ಬಿಲ್ಲು. ಕೊಟ್ಟೂರಿನವನು ಗುರು ಬಸವೇಶ್ವರ ಸ್ವಾಮಿಯ ತೇರು. ಬರೀ ನಿಂತಿರೋ ತೇರಲ್ಲ. ಕ್ರಿಯೇಟ್ ಅನ್ನೋ ಮಾಡ್ ಹಾಕಿ, ಅದರ ರೈಲಿನ ಹಳಿ ಮತ್ತು ಬೋಗಿ ಬಳಸಿ, ನಿಜವಾಗ್ಲೂ ಉರುಳುವ ತೇರು. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ತೇರು ವಾಲಿ ಬಿದ್ದಿತ್ತು, ಪೇಪರ್‌ನಲ್ಲೆಲ್ಲ ಬಂದಿತ್ತು. ಆಗ ಇವನು ಚಿಕ್ಕವನು. "ನಮ್ಮ ತೇರು ಒಂದ್ಸಲನೂ ಬೀಳಂಗಿಲ್ಲ" ಅನ್ನೋದು ಅವನ ಹಟ.

ಆ ತೇರೇ ಮಾಯವಾಗಿತ್ತು. ಕಾರಣ ವೈರಸ್ ಅಲ್ಲ, ಹಾರ್ಡ್ ಡಿಸ್ಕ್ ಕೆಟ್ಟಿದ್ದಲ್ಲ. ಗೇಮ್ ವೇಗವಾಗಿ ಓಡಲಿ ಅಂತ ಅವನು ಹಾಕಿದ ಒಂದು ಒಳ್ಳೆಯ ಮಾಡ್. ಮಾಡ್ ಒಳ್ಳೇದೇ, ಆದರೆ ಹಾಕಿದ ಜಾಗ ತಪ್ಪು. ನಮ್ಮ ಕಾಲೇಜಿನಲ್ಲೂ ಕಡಿಮೆ ರ‍್ಯಾಮ್‌ನ ಲ್ಯಾಪ್‌ಟಾಪ್‌ನಲ್ಲಿ ಆಡೋರು ತುಂಬಾ ಜನ ಇದ್ದಾರೆ. ಅವರಿಗಾಗಿ ಈ ಲೇಖನ. (ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ತಪ್ಪಿದ್ರೆ ತಿದ್ದಿ ಓದಿಕೊಳ್ಳಿ.)

ಮಾಡ್ ಅಂದ್ರೆ "ಮಾಡು" ಅಲ್ಲ

ಮೈನ್‌ಕ್ರಾಫ್ಟ್ ಮೊದಲು ಜನರ ಕೈಗೆ ಸಿಕ್ಕಿದ್ದು 2009ರಲ್ಲಿ. ಪೂರ್ಣ ಆವೃತ್ತಿ 1.0 ಬಂದಿದ್ದು 2011ರ ನವೆಂಬರ್‌ನಲ್ಲಿ. ಸ್ವೀಡನ್ನಿನ ಮೊಜಾಂಗ್ ಕಂಪನಿಯದ್ದು, 2014ರಿಂದ ಮೈಕ್ರೋಸಾಫ್ಟ್ ಕೈಯಲ್ಲಿದೆ. ಅದರಲ್ಲಿ ಎರಡು ಬಗೆ. ಫೋನಿನಲ್ಲಿ ಆಡೋ ಬೆಡ್‌ರಾಕ್ ಎಡಿಷನ್ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದದ್ದು. ಕಂಪ್ಯೂಟರ್‌ನ ಜಾವಾ ಎಡಿಷನ್ ಹೆಸರೇ ಹೇಳುವಂತೆ ಜಾವಾದಲ್ಲಿದೆ. ಇಲ್ಲಿ ಹೇಳೋದೆಲ್ಲ ಜಾವಾ ಎಡಿಷನ್‌ಗೆ ಮಾತ್ರ.

ಗೇಮಿನ ಕೋಡ್ ಬದಲಿಸುವ ಅಥವಾ ಅದಕ್ಕೆ ಹೊಸದು ಸೇರಿಸುವ ಪುಟ್ಟ ಪ್ರೋಗ್ರಾಂ ಅಂದ್ರೆ ಮಾಡ್. ಜಾರ್ ಫೈಲ್ ರೂಪದಲ್ಲಿ ಬರುತ್ತೆ. ಆದರೆ ಜಾರ್ ಫೈಲ್ ಫೋಲ್ಡರ್‌ಗೆ ಹಾಕಿದ ಮಾತ್ರಕ್ಕೆ ಗೇಮ್ ಅದನ್ನು ಓದಲ್ಲ. ಗೇಮ್ ಶುರುವಾಗುವಾಗ ಮಾಡ್‌ಗಳನ್ನು ಹುಡುಕಿ, ಯಾವುದು ಯಾವುದರ ಮೇಲೆ ನಿಂತಿದೆ ನೋಡಿ, ಒಂದೊಂದಾಗಿ ಒಳಗೆ ಬಿಡೋ ಒಬ್ಬ ಮೇಸ್ತ್ರಿ ಬೇಕು. ಅವನೇ ಮಾಡ್ ಲೋಡರ್. ಹಳಬ ಫೋರ್ಜ್, 2011ರಿಂದ ಇದ್ದಾನೆ. 2018ರ ಕೊನೆಗೆ ಫ್ಯಾಬ್ರಿಕ್ ಬಂತು, ಹಗುರ ಮತ್ತು ಚುರುಕು. 2021ರಲ್ಲಿ ಫ್ಯಾಬ್ರಿಕ್‌ನಿಂದ ಕ್ವಿಲ್ಟ್ ಒಡೆದು ಬಂತು, 2023ರಲ್ಲಿ ಫೋರ್ಜ್‌ನಿಂದ ನಿಯೋಫೋರ್ಜ್.

ಒಂದು ಲೋಡರ್‌ನ ಮಾಡ್ ಇನ್ನೊಂದರಲ್ಲಿ ಯಾಕೆ ಓಡಲ್ಲ? ನಮ್ಮ ಕಡೆ ಹಿರಿಯರನ್ನು ಕೇಳಿ. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ ಮೇಲೆ ಕೊಟ್ಟೂರಿಗೆ ಬರುವ ರೈಲು ಮಾರ್ಗ ಹಿಂದೆ ಮೀಟರ್ ಗೇಜ್ ಆಗಿತ್ತು. ಹಳಿಗಳ ನಡುವೆ 1000 ಮಿಲಿಮೀಟರ್. ಈಗ ಬ್ರಾಡ್ ಗೇಜ್, 1676 ಮಿಲಿಮೀಟರ್. ಮೀಟರ್ ಗೇಜ್ ಬೋಗಿ ಎಷ್ಟೇ ಗಟ್ಟಿಮುಟ್ಟಾಗಿರಲಿ, ಬ್ರಾಡ್ ಗೇಜ್ ಹಳಿ ಮೇಲೆ ಕೂರಲ್ಲ. ಬೋಗಿಯ ತಪ್ಪಲ್ಲ, ಹಳಿಯ ತಪ್ಪೂ ಅಲ್ಲ. ಅಳತೆ ಬೇರೆ, ಅಷ್ಟೇ.

ಇಲ್ಲಿ ಅಳತೆ ಅಂದ್ರೆ ಹೆಸರುಗಳು. ಮೊಜಾಂಗ್ ಬಹಳ ವರ್ಷ ಜಾವಾ ಎಡಿಷನ್ನಿನ ಕೋಡಿನಲ್ಲಿ ಕ್ಲಾಸ್, ಮೆಥಡ್‌ಗಳ ಹೆಸರನ್ನೆಲ್ಲ ಒಂದೆರಡು ಅಕ್ಷರಕ್ಕೆ ಇಳಿಸಿ ಬಿಡುಗಡೆ ಮಾಡ್ತಿತ್ತು. ಮಾಡ್ ಬರೆಯೋರು ಅದಕ್ಕೆ ತಮ್ಮದೇ ಸ್ಥಿರ ಹೆಸರು ಕೊಟ್ಟುಕೊಂಡ್ರು. ಫ್ಯಾಬ್ರಿಕ್‌ನವರು ಒಂದು ಪಟ್ಟಿ, ಫೋರ್ಜ್‌ನವರು ಇನ್ನೊಂದು. ಒಂದೇ ಮೆಥಡ್‌ಗೆ ಅಲ್ಲಿ ಒಂದು ನಂಬರ್, ಇಲ್ಲಿ ಒಂದು ನಂಬರ್. ಫ್ಯಾಬ್ರಿಕ್‌ಗೆ ಕಂಪೈಲ್ ಆದ ಮಾಡ್ ಫೋರ್ಜ್ ಒಳಗೆ ಬಂದು ಆ ಹೆಸರಿನವರು ಯಾರು ಅಂತ ಕೇಳಿದ್ರೆ, ಅಂಥ ಹೆಸರಿನವರು ಅಲ್ಲಿ ಯಾರೂ ಇಲ್ಲ. ಜೊತೆಗೆ ಲೋಡರ್ ಕೊಡುವ ಸೌಲಭ್ಯಗಳೂ ಬೇರೆ, ಮಾಡ್ ತನ್ನ ಪರಿಚಯ ಹೇಳಿಕೊಳ್ಳುವ ಫೈಲೂ ಬೇರೆ.

ಫೋರ್ಜ್, ನಿಯೋಫೋರ್ಜ್ ಗೊಂದಲಕ್ಕೆ ನಮ್ಮ ಜಿಲ್ಲೆಯೇ ಉದಾಹರಣೆ. 2021ರಲ್ಲಿ ಬಳ್ಳಾರಿಯಿಂದ ಒಡೆದು ವಿಜಯನಗರ ಜಿಲ್ಲೆ ಆಯ್ತು, ನಮ್ಮ ಐದೂ ತಾಲೂಕು ಈಗ ಅಲ್ಲಿವೆ. ಶುರುವಿನಲ್ಲಿ ಎಲ್ಲ ಕಾಗದದ ಮೇಲೂ ಬಳ್ಳಾರಿ ಅಂತಲೇ ಇತ್ತು, ನಡೀತಿತ್ತು. ನಿಯೋಫೋರ್ಜ್ ಕೂಡ ಹಾಗೇ. 1.20.1 ಆವೃತ್ತಿಯಲ್ಲಿ ಫೋರ್ಜ್‌ನ ಮಾಡ್‌ಗಳು ಅಲ್ಲೂ ಓಡ್ತಿದ್ವು. 1.20.2ರಿಂದ ಮುಂದೆ ದಾರಿ ಬೇರೆಯಾಯ್ತು. ಹಾಗಾಗಿ ಹೆಸರು ಹತ್ತಿರ ಇದೆ ಅಂತ 1.21ರಲ್ಲಿ ಒಂದರದ್ದು ಇನ್ನೊಂದಕ್ಕೆ ಹಾಕಬೇಡಿ.

ನಿಧಾನ ಆಗ್ತಿರೋದು ಎಲ್ಲಿ?

ಕೊಟ್ಟೂರಿನವನ ಲ್ಯಾಪ್‌ಟಾಪ್ ಅವನ ಅಣ್ಣನಿಂದ ಬಂದದ್ದು. 4 ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ತೇರಿನ ಹತ್ತಿರ ಹೋದ್ರೆ 9 ಎಫ್‌ಪಿಎಸ್. ಸೆಕೆಂಡಿಗೆ ಒಂಬತ್ತು ಚಿತ್ರ, ಅಂದ್ರೆ ತೇರು ಉರುಳಲ್ಲ, ಕುಂಟುತ್ತೆ.

ಗೇಮಿಗೆ ಯಾಕೆ ಇಷ್ಟು ಭಾರ? ಲೆಕ್ಕ ಹಾಕಿ ನೋಡಿ. ಜಗತ್ತು 16×16 ಬ್ಲಾಕ್‌ಗಳ ಚಂಕ್‌ಗಳಾಗಿ ಒಡೆದಿರುತ್ತೆ. 1.18ರಿಂದ ಎತ್ತರ 384 ಬ್ಲಾಕ್. ಅಂದ್ರೆ ಒಂದು ಚಂಕ್‌ಗೆ 98,304 ಬ್ಲಾಕ್ ಜಾಗ. ರೆಂಡರ್ ಡಿಸ್ಟೆನ್ಸ್ 8 ಇಟ್ರೆ ನಿಮ್ಮ ಸುತ್ತ 17×17, ಅಂದ್ರೆ 289 ಚಂಕ್. ಗುಣಿಸಿದ್ರೆ 2 ಕೋಟಿ 84 ಲಕ್ಷಕ್ಕೂ ಮೇಲೆ. ಬಹುಪಾಲು ಗಾಳಿ ಮತ್ತು ನೆಲದೊಳಗಿನ ಕಲ್ಲು, ಕಣ್ಣಿಗೆ ಕಾಣೋದಿಲ್ಲ. ಆದ್ರೆ ಯಾವುದು ಕಾಣುತ್ತೆ, ಯಾವುದು ಕಾಣಲ್ಲ ಅಂತ ತೀರ್ಮಾನಿಸೋದೇ ಒಂದು ಕೆಲಸ.

ಇಷ್ಟೇ ಅಲ್ಲ, ಗೇಮ್ ಸೆಕೆಂಡಿಗೆ 20 ಸಲ ಇಡೀ ಜಗತ್ತನ್ನು ಮುಂದಕ್ಕೆ ತಳ್ಳುತ್ತೆ. ಹಸು ನಡೀಬೇಕು, ನೀರು ಹರೀಬೇಕು, ಬೆಳೆ ಬೆಳೀಬೇಕು. ಇದಕ್ಕೆ ಟಿಕ್ ಅಂತಾರೆ, ಒಂದು ಟಿಕ್‌ಗೆ 50 ಮಿಲಿಸೆಕೆಂಡ್ ಸಮಯ. ಹಾಗಾಗಿ "ಗೇಮ್ ಸ್ಲೋ" ಅನ್ನೋ ಒಂದೇ ದೂರಿನ ಹಿಂದೆ ಮೂರು ಬೇರೆ ಬೇರೆ ಕಾಯಿಲೆ ಇರಬಹುದು.

ಚಿತ್ರ ಬಿಡಿಸೋದು ನಿಧಾನ: ಎಫ್‌ಪಿಎಸ್ ಕಡಿಮೆ. ಇದಕ್ಕೆ ಔಷಧಿ ಸೋಡಿಯಂ. ಕೆಫೀನ್‌ಎಂಸಿ ತಂಡದ್ದು, 2020ರಲ್ಲಿ ಬಂತು. ಚಂಕ್‌ಗಳನ್ನು ಚಿತ್ರಿಸುವ ಭಾಗವನ್ನೇ ಹೊಸದಾಗಿ ಬರೆದು, ಗ್ರಾಫಿಕ್ಸ್‌ಗೆ ನೂರು ಸಲ ಕೊಡೋ ಆದೇಶವನ್ನು ಒಟ್ಟುಗೂಡಿಸಿ ಕೊಡುತ್ತೆ. ಗೋಡೆ ಹಿಂದಿರೋ ಪ್ರಾಣಿಗಳನ್ನು ಬಿಡಿಸದೇ ಬಿಡೋ ಎಂಟಿಟಿ ಕಲ್ಲಿಂಗ್ ಕೂಡ ಇದೇ ಗುಂಪು.

ಜಗತ್ತು ನಡೆಸೋದು ನಿಧಾನ: ಎಫ್‌ಪಿಎಸ್ ಚೆನ್ನಾಗಿರುತ್ತೆ, ಆದರೆ ಬ್ಲಾಕ್ ಒಡೆದ್ರೆ ಮತ್ತೆ ಬಂದು ಕೂರುತ್ತೆ, ಬಾಗಿಲು ತಡವಾಗಿ ತೆಗೆಯುತ್ತೆ. ಇದಕ್ಕೆ ಲಿಥಿಯಂ. ಆಟದ ನಿಯಮ ಬದಲಿಸದೇ ಒಳಗಿನ ಲೆಕ್ಕಾಚಾರ ಮಾತ್ರ ಚುರುಕು ಮಾಡುತ್ತೆ.

ಮೆಮೊರಿ ಸಾಲದು: ಆಗಾಗ ಒಂದು ಕ್ಷಣ ಗಕ್ಕನೆ ನಿಲ್ಲುತ್ತೆ. ಒಂದೇ ಮಾಹಿತಿಯನ್ನು ಹತ್ತು ಕಡೆ ಇಡೋದನ್ನು ತಪ್ಪಿಸೋ ಫೆರೈಟ್‌ಕೋರ್, ಲೋಡ್ ಆಗೋ ಸಮಯವನ್ನೂ ಇಳಿಸೋ ಮಾಡರ್ನ್‌ಫಿಕ್ಸ್ ಇದಕ್ಕೆ.

ಎಫ್ 3 ಒತ್ತಿದ್ರೆ ಎಫ್‌ಪಿಎಸ್, ಟಿಕ್‌ನ ಮಿಲಿಸೆಕೆಂಡ್, ಮೆಮೊರಿಯ ಶೇಕಡಾವಾರು ಎಲ್ಲ ಕಾಣುತ್ತೆ. ಮೊದಲು ಅದನ್ನು ನೋಡಿ, ಆಮೇಲೆ ಔಷಧಿ. ಚಿತ್ರದ ಕಾಯಿಲೆಗೆ ಲಿಥಿಯಂ ಹಾಕಿದ್ರೆ ಏನೂ ಆಗಲ್ಲ. (ಹೌದು, ಹೆಸರೆಲ್ಲ ಕೆಮಿಸ್ಟ್ರಿ ಸೈಕಲ್ ನೆನಪಿಸುತ್ತೆ. ಅಲ್ಲಿ ಓದದೇ ಬಿಟ್ಟ ಆಲ್ಕಲಿ ಮೆಟಲ್‌ಗಳೆಲ್ಲ ಇಲ್ಲಿ ಸಿಕ್ಕಿದ್ವು.)

ಒಂದೇ ಗೋಡೆಗೆ ಇಬ್ಬರು ಗೌಂಡಿ

ಲೋಡರ್ ಸರಿ ಇದ್ರೂ ಎರಡು ಮಾಡ್ ಜಗಳ ಆಡಬಹುದು. ಯಾಕೆ ಅಂತ ತಿಳಿಯೋಕೆ ಮಾಡ್‌ಗಳು ಕೋಡನ್ನು ಹೇಗೆ ಬದಲಿಸ್ತವೆ ನೋಡಬೇಕು.

ಈಗಿನ ಬಹುತೇಕ ಮಾಡ್‌ಗಳು ಮಿಕ್ಸಿನ್ ಅನ್ನೋ ವಿಧಾನ ಬಳಸ್ತವೆ. ಗೇಮಿನ ಕ್ಲಾಸ್ ಫೈಲ್ ಮೆಮೊರಿಗೆ ಬರೋ ಹೊತ್ತಿಗೆ ಅದರ ಬೈಟ್‌ಕೋಡ್‌ನಲ್ಲಿ ಬೇಕಾದ ಜಾಗಕ್ಕೆ ತಮ್ಮ ಸಾಲು ಸೇರಿಸ್ತವೆ. ಒಂದು ಮೆಥಡ್‌ನ ಶುರುವಿಗೆ ಎರಡು ಮಾಡ್ ತಮ್ಮ ತಮ್ಮ ಸಾಲು ಸೇರಿಸಿದ್ರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಗೋಡೆಗೆ ಒಬ್ಬ ಮೊಳೆ ಹೊಡೆದ, ಇನ್ನೊಬ್ಬ ಕ್ಯಾಲೆಂಡರ್ ನೇತುಹಾಕಿದ. ಆದರೆ ಒಂದು ಮಾಡ್ ಆ ಮೆಥಡನ್ನೇ ಪೂರ್ತಿ ತೆಗೆದು ಬೇರೆ ಬರೆದ್ರೆ? ಗೋಡೆ ಕೆಡವಿ ಹೊಸ ಗೋಡೆ ಕಟ್ಟಿದ ಹಾಗೆ. ಎರಡನೇ ಗೌಂಡಿ ಬಂದು ನೋಡಿದ್ರೆ ಅವನ ಗುರುತಿನ ಇಟ್ಟಿಗೆಯೇ ಇಲ್ಲ. ಆಗ ಗೇಮ್ ಕ್ರ್ಯಾಶ್. ಅಥವಾ ಇನ್ನೂ ಕೆಟ್ಟದ್ದು, ಕ್ರ್ಯಾಶ್ ಆಗದೇ ಅರ್ಧ ಬ್ಲಾಕ್ ಕಾಣದ ಹಾಗೆ ಓಡುತ್ತೆ.

ಆಪ್ಟಿಫೈನ್ ವಿಷಯ ಇದೇ. ಬಹಳ ಹಳೇ ಮಾಡ್, ನಮ್ಮಲ್ಲಿ ಎಲ್ಲರೂ ಮೊದಲು ಕೇಳಿದ ಹೆಸರು. ಲೋಡರ್ ಇಲ್ಲದೇ ಒಂಟಿಯಾಗಿಯೂ ಓಡುತ್ತೆ, ಫೋರ್ಜ್ ಜೊತೆಗೂ ಓಡುತ್ತೆ. ಆದರೆ ಅದು ಗೇಮಿನ ಎಷ್ಟೋ ಕ್ಲಾಸ್‌ಗಳಿಗೆ ನೇರವಾಗಿ ತೇಪೆ ಹಾಕುತ್ತೆ, ಅದರ ಸೋರ್ಸ್ ಕೋಡ್ ಕೂಡ ತೆರೆದಿಲ್ಲ. ಬೇರೆ ಮಾಡ್ ಬರೆಯೋರಿಗೆ ಎಲ್ಲಿ ಏನು ಬದಲಾಗಿದೆ ಅಂತ ಗೊತ್ತಾಗಲ್ಲ. ಸೋಡಿಯಂ ಚಿತ್ರಿಸುವ ಭಾಗವನ್ನೇ ಹೊಸದಾಗಿ ಬರೆದಿದೆ, ಆಪ್ಟಿಫೈನ್ ಕೂಡ ಅಲ್ಲೇ ಕೈ ಹಾಕುತ್ತೆ. ಎರಡೂ ಒಟ್ಟಿಗೆ ಇರೋಕಾಗಲ್ಲ. ಎರಡು ವೇಗದ ಮಾಡ್ ಹಾಕಿದ್ರೆ ಎರಡರಷ್ಟು ವೇಗ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ.

ಯಾವುದಕ್ಕೆ ಯಾವುದು

ಫ್ಯಾಬ್ರಿಕ್ ಇದ್ರೆ: ಸೋಡಿಯಂ, ಲಿಥಿಯಂ, ಫೆರೈಟ್‌ಕೋರ್ ಕಣ್ಣು ಮುಚ್ಚಿ ಒಟ್ಟಿಗೆ ಹಾಕಬಹುದು, ಮೂರೂ ಬೇರೆ ಬೇರೆ ಗೋಡೆ. ಶೇಡರ್ ಬೇಕಿದ್ರೆ ಐರಿಸ್. ಅದು ಸೋಡಿಯಂ ಜೊತೆ ಸೇರಿ ಕೆಲಸ ಮಾಡೋಕೇ ಬರೆದದ್ದು. ಹಳೇ ಸಲಹೆಗಳಲ್ಲಿ ಇಂಡಿಯಂ ಕೂಡ ಬೇಕು ಅಂತ ಇರುತ್ತೆ. ಸೋಡಿಯಂ 0.6ರಿಂದ ಆ ಕೆಲಸ ಸೋಡಿಯಂ ಒಳಗೇ ಸೇರಿದೆ.

ಫೋರ್ಜ್ 1.20.1 ಇದ್ರೆ: ಸೋಡಿಯಂ ಇಲ್ಲ. ಅದರ ತೆರೆದ ಕೋಡಿನಿಂದ ಬೇರೆಯವರು ಫೋರ್ಜ್‌ಗೆ ತಂದದ್ದು ರುಬಿಡಿಯಂ, ಅದರಿಂದ ಮುಂದುವರಿದದ್ದು ಎಂಬೆಡಿಯಂ. ಎರಡರಲ್ಲಿ ಒಂದೇ ಹಾಕಬೇಕು, ಎಂಬೆಡಿಯಂ ಹಾಕಿ. ಐರಿಸ್ ಬದಲು ಆಕ್ಯುಲಸ್. ಲಿಥಿಯಂ ಬದಲು ಕೆನರಿ ಅಥವಾ ರೇಡಿಯಂ, ಇದೂ ಒಂದೇ. ಫೆರೈಟ್‌ಕೋರ್, ಮಾಡರ್ನ್‌ಫಿಕ್ಸ್‌ಗೆ ಫೋರ್ಜ್ ಆವೃತ್ತಿ ಇದೆ.

ನಿಯೋಫೋರ್ಜ್ 1.21.1 ಇದ್ರೆ: ಸೋಡಿಯಂ 0.6ರಿಂದ ನೇರವಾಗಿಯೇ ಸಿಗುತ್ತೆ. ಎಂಬೆಡಿಯಂ ಹುಡುಕೋ ಅಗತ್ಯ ಇಲ್ಲ.

ಇದರ ಜೊತೆ ಜಾವಾ ಆವೃತ್ತಿ ನೋಡಿ. 1.16.5ರವರೆಗೆ ಜಾವಾ 8, 1.18ರಿಂದ ಜಾವಾ 17, 1.20.5ರಿಂದ ಜಾವಾ 21. ಅಧಿಕೃತ ಲಾಂಚರ್ ತಾನೇ ಸರಿಯಾದ್ದನ್ನು ತರುತ್ತೆ. ಕೈಯಾರೆ ಸರ್ವರ್ ಓಡಿಸುವಾಗ ಇಲ್ಲಿ ಎಡವೋದು ಜಾಸ್ತಿ.

ಫ್ಯಾಬ್ರಿಕ್ ಮಾಡ್‌ಗಳನ್ನು ಫೋರ್ಜ್‌ನಲ್ಲಿ ಓಡಿಸೋ ಸಿನೈಟ್ರಾ ಕನೆಕ್ಟರ್ ಅನ್ನೋದೂ ಇದೆ, ಹೆಸರುಗಳನ್ನು ಅನುವಾದ ಮಾಡಿ ಕೊಡುತ್ತೆ. ಸಣ್ಣ ಮಾಡ್‌ಗಳಿಗೆ ಅನುಕೂಲ. ಆದರೆ ಸೋಡಿಯಂನಂಥ ಆಳಕ್ಕೆ ಇಳಿಯೋ ಮಾಡ್‌ಗೆ ಅದನ್ನು ನಂಬಬೇಡಿ, ಆ ಲೋಡರ್‌ಗೇ ಬರೆದದ್ದು ಇರುವಾಗ ಸುತ್ತು ದಾರಿ ಯಾಕೆ?

ಹಾಗಾದ್ರೆ ತೇರು ಹೋಗಿದ್ದೆಲ್ಲಿ?

ನಮ್ಮ ವರ್ಲ್ಡ್ ಇದ್ದದ್ದು ಫೋರ್ಜ್ 1.20.1ರಲ್ಲಿ, ಕ್ರಿಯೇಟ್ ಜೊತೆ. ಕೊಟ್ಟೂರಿನವನು ಯಾರೋ ಹೇಳಿದ್ರು ಅಂತ ಸೋಡಿಯಂ ತಂದು ಮಾಡ್ಸ್ ಫೋಲ್ಡರ್‌ಗೆ ಹಾಕಿದ. ಇದು ಫ್ಯಾಬ್ರಿಕ್ ಮಾಡ್, ಲೋಡ್ ಆಗಲ್ಲ ಅಂತ ಫೋರ್ಜ್ ಹೇಳಿತು. ಆಪ್ಟಿಫೈನ್ ಹಾಕಿದ, ಕ್ರಿಯೇಟ್‌ನ ಗಾಲಿಗಳು ಸರಿಯಾಗಿ ಕಾಣಲಿಲ್ಲ. ಬೇಸರವಾಗಿ ಫ್ಯಾಬ್ರಿಕ್ಕನ್ನೇ ಹಾಕಿಕೊಂಡ. ಸೋಡಿಯಂ ಓಡಿತು, 50 ಎಫ್‌ಪಿಎಸ್! ಖುಷಿಯಲ್ಲಿ ನಮ್ಮ ವರ್ಲ್ಡ್ ತೆರೆದ.

ಫ್ಯಾಬ್ರಿಕ್ ಕಡೆ ಕ್ರಿಯೇಟ್ ಇರಲಿಲ್ಲ. ಹಳಿ, ಬೋಗಿ, ಗಾಲಿ, ಇವೆಲ್ಲ ಕ್ರಿಯೇಟ್‌ನ ಬ್ಲಾಕ್‌ಗಳು. ಗುರುತು ಸಿಗದ ಬ್ಲಾಕ್ ಇದ್ದ ಜಾಗ ಗಾಳಿಯಾಗುತ್ತೆ. ಆ ಚಂಕ್ ಸೇವ್ ಆಯ್ತು ಅಂದ್ರೆ ಗಾಳಿಯೇ ಖಾಯಂ. ಮತ್ತೆ ಫೋರ್ಜ್‌ಗೆ ಬಂದ್ರೂ ವಾಪಸ್ ಬರಲ್ಲ. ಅವನು ತೇರಿನ ಮುಂದೆ ನಿಂತೇ ಸೇವ್ ಮಾಡಿದ್ದ.

ಹೊಸ ಕಾಪಿ ಬೇರೆ ಎಲ್ಲೂ ಇರಲಿಲ್ಲ. ನನ್ನ ಪೆನ್‌ಡ್ರೈವ್‌ನಲ್ಲಿ ಎರಡು ತಿಂಗಳ ಹಿಂದಿನದ್ದು ಸಿಕ್ಕಿತು. ಅದರಲ್ಲಿ ತೇರಿತ್ತು, ಮೇಲಿನ ಎರಡು ಅಂತಸ್ತು ಇರಲಿಲ್ಲ. ಅವನು ಬೈಯಲಿಲ್ಲ, ಅಳಲಿಲ್ಲ. "ಇರಲಿ ಬಿಡ್ರಲೇ, ನೀವು ಆಡ್ರಿ. ನನ್ ಲ್ಯಾಪ್‌ಟಾಪ್ ನಿಮಗ ತ್ರಾಸು" ಅಂದ. ಅದೇ ನಮಗೆ ಜಾಸ್ತಿ ನೋವಾಗಿದ್ದು. ತೇರು ಕಟ್ಟಿದವನೇ ತೇರಿಗೆ ಬರಲ್ಲ ಅಂದ್ರೆ ಹೆಂಗೆ?

ಎಲ್ಲರೂ ಫ್ಯಾಬ್ರಿಕ್‌ಗೆ ಹೋಗಬಹುದಿತ್ತು. ಕ್ರಿಯೇಟ್‌ಗೆ ಫ್ಯಾಬ್ರಿಕ್ ಪೋರ್ಟ್ ಇದೆ. ಆದರೆ ಕಟ್ಟಿ ಮುಗಿದ ವರ್ಲ್ಡನ್ನು ಲೋಡರ್ ದಾಟಿಸೋ ಧೈರ್ಯ ಮತ್ತೆ ಬರಲಿಲ್ಲ. ಆಗ ನನಗೆ ತಿಳಿದ ಒಂದು ವಿಷಯ ಕೆಲಸಕ್ಕೆ ಬಂತು. ಹೊಸ ಬ್ಲಾಕ್, ಹೊಸ ವಸ್ತು ಸೇರಿಸೋ ಕ್ರಿಯೇಟ್‌ನಂಥ ಮಾಡ್ ಆಡುವ ಎಲ್ಲರಲ್ಲೂ ಇರಬೇಕು, ಸರ್ವರ್‌ನಲ್ಲೂ ಇರಬೇಕು, ಒಂದೇ ಆವೃತ್ತಿ ಇರಬೇಕು. ಆದರೆ ಎಂಬೆಡಿಯಂನಂಥ ಚಿತ್ರದ ಮಾಡ್ ನಿಮ್ಮ ಕಂಪ್ಯೂಟರ್‌ನ ಖಾಸಗಿ ವಿಷಯ. ಸರ್ವರ್‌ಗೆ ಅದರ ಗೊಡವೆ ಇಲ್ಲ. ಅಂದ್ರೆ ಅವನೊಬ್ಬನಿಗಾಗಿ ಬೇರೆ ನಾಲ್ಕು ಜನ ಏನೂ ಬದಲಿಸಬೇಕಿಲ್ಲ. ಅವನೂ ಯಾರಿಗೂ ತ್ರಾಸಲ್ಲ.

ನಾವು ಮಾಡಿದ್ದು ಇಷ್ಟು:

1. ವರ್ಲ್ಡ್ ಫೋಲ್ಡರ್ ಪೂರ್ತಿ ಎರಡು ಕಡೆ ಕಾಪಿ. ಇದಾಗದೇ ಬೇರೆ ಏನೂ ಇಲ್ಲ.

2. ಅವನ ಮಾಡ್ಸ್ ಫೋಲ್ಡರ್ ಖಾಲಿ. ಫೋರ್ಜ್ 1.20.1 ಮತ್ತು ಕ್ರಿಯೇಟ್ ಮಾತ್ರ. ತೆರೆದು ನೋಡಿದ್ವಿ, 9 ಎಫ್‌ಪಿಎಸ್.

3. ಎಂಬೆಡಿಯಂ ಒಂದೇ ಹಾಕಿ ತೆರೆದ್ವಿ. 27. ಆಮೇಲೆ ಫೆರೈಟ್‌ಕೋರ್, ಮತ್ತೆ ತೆರೆದ್ವಿ. ಆಮೇಲೆ ಮಾಡರ್ನ್‌ಫಿಕ್ಸ್. ಒಂದು ಸಲಕ್ಕೆ ಒಂದೇ ಮಾಡ್. ಐದು ಒಟ್ಟಿಗೆ ಹಾಕಿ ಕೆಟ್ರೆ ಕಳ್ಳ ಯಾರು ಅಂತ ಗೊತ್ತಾಗಲ್ಲ.

4. ಅವನು ಜಾವಾಗೆ 3.5 ಜಿಬಿ ಕೊಟ್ಟಿದ್ದ. ಇರೋದೇ 4, ವಿಂಡೋಸ್ ಎಲ್ಲಿಗೆ ಹೋಗಬೇಕು? 2 ಜಿಬಿಗೆ ಇಳಿಸಿದ್ವಿ, ನಿಲ್ಲೋದು ಕಮ್ಮಿ ಆಯ್ತು. ರೆಂಡರ್ ಡಿಸ್ಟೆನ್ಸ್ 6.

5. ಆಪ್ಟಿಫೈನ್ ಇಲ್ಲ. ಶೇಡರ್ ಆಸೆ ಹಡಗಲಿಯವನಿಗೆ, ಅವನದ್ದು ಗೇಮಿಂಗ್ ಲ್ಯಾಪ್‌ಟಾಪ್. ಅವನು ಆಕ್ಯುಲಸ್ ಹಾಕಿಕೊಂಡ. ಶೇಡರ್ ಓಡುವಾಗ ಕ್ರಿಯೇಟ್ ತನ್ನ ವೇಗದ ಚಿತ್ರಣ ಬಿಟ್ಟುಕೊಡುತ್ತೆ, ಅದನ್ನು ತಡೆಯೋ ಶಕ್ತಿ ಅವನ ಮೆಷಿನ್‌ಗಿದೆ. ಸರ್ವರ್ ಕೂಡ ಅವನಲ್ಲೇ.

ಕೊನೆಗೆ ಸಿಕ್ಕಿದ್ದು 34 ಎಫ್‌ಪಿಎಸ್. ಅಂತರ್ಜಾಲದಲ್ಲಿ ತೋರಿಸೋ ಮುನ್ನೂರು ಅಲ್ಲ. ತೇರು ಉರುಳೋಕೆ ಸಾಕು.

ಕ್ರ್ಯಾಶ್ ಆದ್ರೆ ಹೆದರಬೇಡಿ. ಕ್ರ್ಯಾಶ್ ರಿಪೋರ್ಟ್ಸ್ ಫೋಲ್ಡರ್‌ನಲ್ಲಿ ಹೊಸ ಫೈಲ್ ತೆರೆದು ಮಾಡ್ ಹೆಸರು ಎಲ್ಲಿ ಬರುತ್ತೆ ನೋಡಿ, ಅರ್ಧ ಉತ್ತರ ಅಲ್ಲೇ ಇರುತ್ತೆ. ಮಾಡ್‌ಗಳನ್ನು ಮಾಡ್‌ರಿಂತ್ ಅಥವಾ ಕರ್ಸ್‌ಫೋರ್ಜ್‌ನಿಂದ ಮಾತ್ರ ತನ್ನಿ, ಅಲ್ಲೂ ಕಣ್ಣು ತೆರೆದೇ ಇರಿ. 2023ರ ಜೂನ್‌ನಲ್ಲಿ ಕೆಲವು ಖಾತೆಗಳನ್ನು ಕದ್ದು ಕರ್ಸ್‌ಫೋರ್ಜ್ ಮೂಲಕವೇ ಫ್ರ್ಯಾಕ್ಚರೈಸರ್ ಅನ್ನೋ ಮಾಲ್‌ವೇರ್ ಹಂಚಿದ್ರು. ಮಾಡ್ ಅಂದ್ರೆ ನಿಮ್ಮ ಕಂಪ್ಯೂಟರ್‌ನಲ್ಲಿ ಓಡೋ ಪ್ರೋಗ್ರಾಂ, ಬರೀ ಆಟದ ಸಾಮಾನಲ್ಲ ಅಂತ ನೆನಪಿರಲಿ.

ಮೇಲಿನ ಎರಡು ಅಂತಸ್ತನ್ನು ಐದೂ ಜನ ಸೇರಿ ಮತ್ತೆ ಕಟ್ಟಿದ್ವಿ, ಮೂರು ಭಾನುವಾರ ಹಿಡೀತು. ತೇರು ಎಳೆದ ರಾತ್ರಿ ಕೊಟ್ಟೂರಿನವನು ಮೊದಲು ಲಾಗಿನ್ ಆಗಿ ಕಾಯ್ತಿದ್ದ. ತಿರುವಿನಲ್ಲಿ ಒಂದ್ಸಲ ಗಕ್ಕನೆ ನಿಂತಿತು. ಎಲ್ಲರೂ ಉಸಿರು ಹಿಡಿದ್ವಿ. ಹಗರಿಬೊಮ್ಮನಹಳ್ಳಿಯವನ ನೆಟ್ ಹೋಗಿತ್ತು ಅಷ್ಟೇ.

ವರ್ಲ್ಡ್ ಫೋಲ್ಡರ್ ಈಗ ಐದು ಊರಲ್ಲಿ ಐದು ಕಾಪಿ ಇದೆ. ನಿಮ್ಮದು ಎಷ್ಟು ಕಾಪಿ ಇದೆ, ಇವತ್ತೇ ಹೋಗಿ ನೋಡಿ.